ಹೊಸ್ತಿಲಿಗೆ ಬರಲು ಹಿಡಿದ ಎಂಬತ್ತು ವರ್ಷ

ಹಳೆಯ ಮೈಸೂರು ಸಂಸ್ಥಾನದ ಹೆಗ್ಗಳಿಕೆಗಳನ್ನು ಎಣಿಸುವಾಗ ನಾವು ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಪ್ರಜಾಪ್ರತಿನಿಧಿ ಸಭೆ ಎಂದು ಒಂದೊಂದಾಗಿ ಬೆರಳು ಮಡಚುತ್ತೇವೆ. ಶಾಲೆಯ ಚರಿತ್ರೆ ಪಾಠದಲ್ಲಿ ನಾನೂ ಮೂವತ್ತು ವರ್ಷ ಹಾಗೆಯೇ ಎಣಿಸಿದವನು. ಆ ಪಟ್ಟಿಗೆ ಸೇರಬೇಕಾದ ಇನ್ನೊಂದು ಸಂಗತಿಯನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ, ಹೇಳಲು ನಾಚುತ್ತವೆ. 1930ರ ಜೂನ್ 11ರಂದು ಮೈಸೂರು ಸರ್ಕಾರವು ತನ್ನ ನಾಲ್ಕು ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯುವಂತೆ ಆಜ್ಞೆ ಹೊರಡಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲರ ದಿವಾನಗಿರಿ. ಒಂದು ಸರ್ಕಾರವೇ ಮುಂದೆ ನಿಂತು ತೆರೆದ ಇಂತಹ ಕೇಂದ್ರಗಳಲ್ಲಿ ಜಗತ್ತಿನಲ್ಲಿಯೇ ಇವು ಮೊದಲಿನವೆಂದು ಚರಿತ್ರಕಾರರು ಗುರುತಿಸುತ್ತಾರೆ.

ಅಂದಿನ ಕಾಲವನ್ನು ನೆನೆದರೆ ಇದು ಸಣ್ಣ ಧೈರ್ಯವಲ್ಲ. ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಮಗ ರಘುನಾಥ ಕರ್ವೆಯವರು 1921ರಲ್ಲಿ ಮುಂಬಯಿಯಲ್ಲಿ ಇಂತಹದೊಂದು ಕೇಂದ್ರವನ್ನು ಸ್ವಂತವಾಗಿ ನಡೆಸಲು ಹೊರಟು ಕಾಲೇಜಿನ ಅಧ್ಯಾಪಕ ವೃತ್ತಿಯನ್ನೇ ಕಳೆದುಕೊಂಡಿದ್ದರು. ಮೈಸೂರಿನ ಆಜ್ಞೆ ಹೊರಟು ಐದು ವರ್ಷಗಳಾದ ಮೇಲೆ, 1935ರ ಡಿಸೆಂಬರಿನಲ್ಲಿ, ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯವರೊಡನೆ ಚರ್ಚಿಸಿದರು. ಸಂಯಮವೊಂದೇ ಮಾರ್ಗ, ಸಾಧನಗಳು ಸಲ್ಲವು ಎಂಬ ನಿಲುವಿನಿಂದ ಗಾಂಧೀಜಿ ಕದಲಲಿಲ್ಲ. ದೇಶದ ಅತಿ ದೊಡ್ಡ ನಾಯಕನೇ ಒಪ್ಪದ ವಿಷಯವನ್ನು ಒಂದು ದೇಶೀ ಸಂಸ್ಥಾನವು ಸದ್ದಿಲ್ಲದೆ ಆಸ್ಪತ್ರೆಯ ಕೆಲಸವಾಗಿ ಮಾಡಿತ್ತು.

ಹೆಮ್ಮೆ ಪಡೋಣ. ಹೆಮ್ಮೆಪಟ್ಟ ಮೇಲೆ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ಆ ಕೇಂದ್ರಗಳು ಇದ್ದುದು ಬೆಂಗಳೂರು, ಮೈಸೂರು ನಗರಗಳಲ್ಲಿ. ನಮ್ಮ ಕೋಲಾರ ಜಿಲ್ಲೆಯ ಹೆಣ್ಣುಮಗಳಿಗೆ ಅವುಗಳಿಂದ ಏನು ಸಿಕ್ಕಿತು?

ಬೆಂಗಳೂರಿನಿಂದ ಕೋಲಾರಕ್ಕೆ ಎಪ್ಪತ್ತು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಮಾಲೂರು ಮದರಾಸಿನ ದೊಡ್ಡ ರೈಲುದಾರಿಯ ಮೇಲೆಯೇ ಇತ್ತು. ಶ್ರೀನಿವಾಸಪುರಕ್ಕೆ ಬಂಗಾರಪೇಟೆಯಿಂದ ಕೋಲಾರದ ಮೇಲೆ ಹಾದುಬರುವ ನ್ಯಾರೋಗೇಜ್ ಗಾಡಿಯಿತ್ತು. ಮುಳಬಾಗಿಲಿಗೆ ರೈಲೇ ಇರಲಿಲ್ಲ, ಇಂದಿಗೂ ಇಲ್ಲ; ಆದರೆ ಮದರಾಸಿನ ಹೆದ್ದಾರಿ ಊರಿನ ಪಕ್ಕದಲ್ಲಿಯೇ ಇತ್ತು. ದಾರಿಗಳಿಗೆ ಕೊರತೆಯಿರಲಿಲ್ಲವೆಂದಾಯಿತು. ಆದರೆ ನಾಲ್ಕು ಮಕ್ಕಳನ್ನು ಹೆತ್ತು ಐದನೆಯದು ಬೇಡವೆನ್ನುವ ಒಬ್ಬ ಕೂಲಿ ಹೆಂಗಸು ಆ ದಾರಿ ಹಿಡಿಯಬೇಕಾದರೆ ಗಂಡನ ಒಪ್ಪಿಗೆ ಬೇಕು, ಅತ್ತೆಗೆ ಹೇಳಲು ಒಂದು ನೆಪ ಬೇಕು, ಗಾಡಿಯ ಬಾಡಿಗೆ ಬೇಕು, ಒಂದು ದಿನದ ಕೂಲಿ ಬಿಡಬೇಕು, ಕೈಗೂಸನ್ನು ಯಾರಿಗಾದರೂ ಒಪ್ಪಿಸಬೇಕು. ಇವೆಲ್ಲಕ್ಕೂ ಮೊದಲು ಅಲ್ಲಿ ಅಂತಹದೊಂದು ಕೇಂದ್ರವಿದೆಯೆಂದು ಅವಳಿಗೆ ಗೊತ್ತಿರಬೇಕು. ಶಿವನಸಮುದ್ರದಿಂದ ಸುಮಾರು ನೂರೈವತ್ತು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿಯೇ ತಂತಿ ಎಳೆದು ವಿದ್ಯುತ್ತನ್ನು ತಂದ ರಾಜ್ಯವಿದು. ಬೇಕೆಂದು ಮನಸ್ಸು ಮಾಡಿದ ವಸ್ತುವನ್ನು ದೂರ ಸಾಗಿಸುವ ಶಕ್ತಿ ಅದಕ್ಕಿತ್ತು. ಸಂತಾನ ನಿಯಂತ್ರಣದ ತಿಳಿವಳಿಕೆಗೆ ಅಂತಹ ತಂತಿಯನ್ನು ಯಾರೂ ಎಳೆಯಲಿಲ್ಲ.

ಹಾಗಾದರೆ ನಮ್ಮ ಅಜ್ಜಿಯರು ಏನು ಮಾಡುತ್ತಿದ್ದರು? ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂಬ ಗಾದೆ ಎಲ್ಲರ ಬಾಯಲ್ಲೂ ಇತ್ತು. ಗಾದೆ ಹೇಳುತ್ತಿದ್ದವರು ಹೆಚ್ಚಾಗಿ ಗಂಡಸರು. ಹೆರುತ್ತಿದ್ದವರಿಗೆ ಬೇರೆ ಲೆಕ್ಕಗಳಿದ್ದವು. ಬಾಣಂತನಕ್ಕೆ ತವರಿಗೆ ಹೋದವಳನ್ನು ಬೇಗ ಕಳುಹಿಸದೆ ತಿಂಗಳುಗಟ್ಟಲೆ ಉಳಿಸಿಕೊಳ್ಳುವುದರಲ್ಲಿ ತಾಯಂದಿರ ಜಾಣತನವೂ ಇತ್ತು. ಮಗುವಿಗೆ ಎರಡು ಮೂರು ವರ್ಷ ಹಾಲೂಡಿಸುವುದರಿಂದ ಮುಂದಿನ ಬಸಿರು ದೂರ ಹೋಗುತ್ತದೆಂಬುದು ಅವರ ಅನುಭವ. ಮುಟ್ಟು ನಿಂತರೆ ಪರಂಗಿಹಣ್ಣು, ಎಳ್ಳು ಬೆಲ್ಲ ತಿನ್ನಿಸಿ ನೋಡುತ್ತಿದ್ದರು. ಅದೂ ಫಲಿಸದಿದ್ದರೆ ಎಕ್ಕದ ಕಡ್ಡಿಯ ಭಯಂಕರ ದಾರಿ. ಆ ದಾರಿಯಲ್ಲಿ ನಂಜೇರಿ ಸತ್ತವರ ಸಂಖ್ಯೆಯನ್ನು ಯಾವ ದಫ್ತರವೂ ಸರಿಯಾಗಿ ಬರೆದಿಡಲಿಲ್ಲ. ಮನೆಯವರು ಜ್ವರ ಬಂದು ಹೋದಳೆಂದರು. ನನ್ನ ಹಾಜರಿ ಪುಸ್ತಕಗಳಲ್ಲಿ ಸಾಕಮ್ಮ ಎಂಬ ಹೆಸರು ಆಗಾಗ ಬರುತ್ತಿತ್ತು. ಹೆಣ್ಣು ಇನ್ನು ಸಾಕು ಎಂದು ಇಟ್ಟ ಹೆಸರದು ಎಂದು ಹಿರಿಯರು ನಗುತ್ತ ಹೇಳುವರು. ಆ ನಗೆಯ ಹಿಂದಿದ್ದ ತಾಯಿಯ ಆಯಾಸವನ್ನು ಹುಡುಗಿಯ ಹೆಸರು ಹೊತ್ತು ತಿರುಗುತ್ತಿತ್ತು.

ಜನರಿಗೇ ಬೇಡವಾಗಿತ್ತು, ಅಜ್ಞಾನ, ಮೂಢನಂಬಿಕೆ ಎಂದು ಹೇಳುವ ರೂಢಿ ನಮ್ಮ ವಿದ್ಯಾವಂತರಲ್ಲಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. 1951-52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ನಮ್ಮ ಮೈಸೂರು ರಾಜ್ಯದಲ್ಲಿಯೇ ಒಂದು ದೊಡ್ಡ ಜನಸಂಖ್ಯಾ ಅಧ್ಯಯನವನ್ನು ನಡೆಸಿದವು. ಬೆಂಗಳೂರು ನಗರದ ಮನೆಗಳಿಗೂ ಹಳ್ಳಿಯ ಮನೆಗಳಿಗೂ ಹೋಗಿ ದಂಪತಿಗಳನ್ನು ಕೇಳಿದರು. ಮೂರು ನಾಲ್ಕು ಮಕ್ಕಳಾದವರಲ್ಲಿ ಇನ್ನು ಸಾಕೆನ್ನುವವರು ಬಹಳ ಮಂದಿಯಿದ್ದರು. ಹೇಗೆ ತಡೆಯುವುದೆಂದು ಬಲ್ಲವರು ಮಾತ್ರ ಬಹಳ ಕಡಿಮೆ. ಅಂದರೆ ಬಯಕೆ ಇತ್ತು, ಕೈಗೆಟುಕುವ ಸಾಧನ ಇರಲಿಲ್ಲ.

1952ರಲ್ಲಿ ಭಾರತವು ಕುಟುಂಬ ಯೋಜನೆಯನ್ನು ರಾಷ್ಟ್ರದ ಕಾರ್ಯಕ್ರಮವನ್ನಾಗಿ ಕೈಗೊಂಡಿತು; ಹೀಗೆ ಮಾಡಿದ ಮೊದಲ ದೇಶ ನಮ್ಮದೇ. ಆದರೆ ಆಗಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್ ಗಾಂಧೀಜಿಯವರ ಶಿಷ್ಯೆ. ಸಾಧನಗಳ ಬದಲು ‘ಸುರಕ್ಷಿತ ದಿನ’ಗಳನ್ನು ಎಣಿಸುವ ಕ್ರಮವನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಎರಡು ಸ್ಥಳಗಳನ್ನು ಆರಿಸಲಾಯಿತು. ಒಂದು ದೆಹಲಿಯ ಲೋದಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ಅಕ್ಷರ ಬಾರದ ಹೆಂಗಸರಿಗೆ ದಿನದ ಲೆಕ್ಕ ಸಿಗಲೆಂದು ಬಣ್ಣಬಣ್ಣದ ಮಣಿಗಳ ಸರವನ್ನು ಕೊಟ್ಟರು: ಒಂದು ಬಣ್ಣದ ಮಣಿ ಬಂದ ದಿನ ದೂರವಿರಬೇಕು, ಇನ್ನೊಂದು ಬಣ್ಣದ ದಿನ ಭಯವಿಲ್ಲ. ಕೇಳಲು ಸೊಗಸು. ಆದರೆ ಮೈಯ ಲೆಕ್ಕ ಎಲ್ಲರಲ್ಲೂ ಒಂದೇ ಸಮ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಣಿಯ ಬಣ್ಣ ನೋಡಿ ಗಂಡ ದೂರ ಸರಿಯುತ್ತಾನೆಂಬ ನಂಬಿಕೆಯ ಮೇಲೆ ಆ ಸರ ಪೋಣಿಸಲಾಗಿತ್ತು. ಪ್ರಯೋಗ ಕೈಗೂಡಲಿಲ್ಲ. ಹೆಣ್ಣಿನ ಕೈಗೆ ಸರ ಬಂತು, ತೀರ್ಮಾನ ಬರಲಿಲ್ಲ.

ಮುಂದೆ 1965ರಲ್ಲಿ ಲೂಪ್ ಬಂತು. ಪ್ಲಾಸ್ಟಿಕ್ಕಿನ ಆ ಸಾಧನಕ್ಕೆ ನಮ್ಮ ಕಡೆ ವಂಕಿ ಎಂಬ ಹೆಸರು ನಿಂತಿತು. ತೋಳಿನ ಒಡವೆಯ ಹೆಸರು ಗರ್ಭಕೋಶದ ಸಾಧನಕ್ಕೆ ಬಂದುದು ಕನ್ನಡದ ಹೆಂಗಸರ ಭಾಷಾಪ್ರತಿಭೆ! ಅಗ್ಗ, ಒಮ್ಮೆ ಹಾಕಿಸಿದರೆ ವರ್ಷಗಟ್ಟಲೆ ಚಿಂತೆಯಿಲ್ಲ. ಆದರೆ ಹಾಕಿದವರು ಮತ್ತೆ ಬಂದು ವಿಚಾರಿಸುವ ಏರ್ಪಾಡು ದೇಶದ ಬಹುಭಾಗದಲ್ಲಿ ಇರಲಿಲ್ಲ. ರಕ್ತ ಹೋಗುತ್ತದೆ, ಸೊಂಟ ನೋಯುತ್ತದೆ ಎಂದವರಿಗೆ ಉತ್ತರ ಹೇಳುವವರಿಲ್ಲದೆ ಭಯ ಹಬ್ಬಿತು, ವಂಕಿಗೆ ಕೆಟ್ಟ ಹೆಸರು ಬಂತು. 1968ರಲ್ಲಿ ನಿರೋಧ್ ಬಂತು. ಮೂರಕ್ಕೆ 15 ಪೈಸೆ. ಸರ್ಕಾರ ನಷ್ಟ ಭರಿಸಿ ಇಳಿಸಿದ ಬೆಲೆಯದು. ಬ್ರೂಕ್ ಬಾಂಡ್, ಲಿಪ್ಟನ್, ಹಿಂದೂಸ್ತಾನ್ ಲೀವರ್‌ಗಳಂತಹ ಕಂಪನಿಗಳ ವಿತರಣಾ ಜಾಲವನ್ನೇ ಬಳಸಿಕೊಂಡದ್ದರಿಂದ ಚಹಾಪುಡಿ, ಸಾಬೂನುಗಳ ಜೊತೆಯಲ್ಲಿಯೇ ಅದು ಅಂಗಡಿಗೆ ಬಂತು. ಇದು ನಿಜಕ್ಕೂ ಜಾಣ ಉಪಾಯ: ಕೊಳ್ಳುವವನು ಆಸ್ಪತ್ರೆಗೆ ಹೋಗಬೇಕಾಗಿಲ್ಲ, ಹೆಸರು ಬರೆಸಬೇಕಾಗಿಲ್ಲ. ಆದರೆ ಅಂಗಡಿಗೆ ಹೋಗಿ ಕೇಳುತ್ತಿದ್ದವನು ಗಂಡಸು. ಅವನಿಗೆ ಮನಸ್ಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ಜಿಲ್ಲೆಗೆ ಈ ಕಾರ್ಯಕ್ರಮ ಗಟ್ಟಿಯಾಗಿ ಕಾಲಿಟ್ಟದ್ದು 1970ರ ದಶಕದಲ್ಲಿ. ವಿಶ್ವಬ್ಯಾಂಕ್ ಮತ್ತು ಸ್ವೀಡನ್ನಿನ ನೆರವಿನಿಂದ ನಡೆದ ಮೊದಲ ಭಾರತ ಜನಸಂಖ್ಯಾ ಯೋಜನೆಗೆ ಉತ್ತರ ಪ್ರದೇಶದ ಕೆಲವು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಂಗಳೂರು ವಿಭಾಗವನ್ನು ಆರಿಸಲಾಗಿತ್ತು; ಕೋಲಾರ ಆ ವಿಭಾಗದ ಜಿಲ್ಲೆ. ಆಸ್ಪತ್ರೆ, ಉಪಕೇಂದ್ರಗಳ ಕಟ್ಟಡಗಳೆದ್ದವು, ಸಿಬ್ಬಂದಿ ಹೆಚ್ಚಿದರು. ಹಳ್ಳಿಗೆ ನರ್ಸಮ್ಮ ಬಂದರು. ಶಾಲೆಯ ಗೋಡೆಯ ಮೇಲೂ ಕೆಂಪು ತ್ರಿಕೋನ ಮೂಡಿತು. ಪಕ್ಕದಲ್ಲಿ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಬರಹ. ಮಕ್ಕಳು ಅದನ್ನು ಪದ್ಯದಂತೆ ಓದುತ್ತಿದ್ದರು. ಇಬ್ಬರೂ ಹೆಣ್ಣಾದರೆ ಕೀರ್ತಿ ಎಲ್ಲಿಂದ ಎಂಬ ಪ್ರಶ್ನೆಗೆ ಗೋಡೆಯಲ್ಲಿ ಉತ್ತರವಿರಲಿಲ್ಲ. ಗಂಡು ಹುಟ್ಟುವವರೆಗೆ ಹೆರಬೇಕೆಂಬ ಹಳೆಯ ಒತ್ತಾಯವನ್ನು ಆ ಘೋಷಣೆ ಮುಟ್ಟಲಿಲ್ಲ.

ಈ ಹೊತ್ತಿಗೆ ಒಂದು ದೊಡ್ಡ ಕಾನೂನೂ ಬಂದಿತ್ತು. ಕದ್ದುಮುಚ್ಚಿ ಮಾಡಿಸಿಕೊಳ್ಳುವ ಗರ್ಭಪಾತಗಳಿಂದ ಹೆಂಗಸರು ಸಾಯುವುದನ್ನು ಕಂಡು ಕೇಂದ್ರ ಸರ್ಕಾರ 1964ರಲ್ಲಿ ಶಾಂತಿಲಾಲ್ ಷಾ ಸಮಿತಿಯನ್ನು ನೇಮಿಸಿತು. ಅದರ ಫಲವಾಗಿ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದು 1972ರ ಏಪ್ರಿಲ್ 1ರಿಂದ ಜಾರಿಯಾಯಿತು. ಎಕ್ಕದ ಕಡ್ಡಿಗೆ ಬದಲಾಗಿ ವೈದ್ಯರ ಕೈ. ಆದರೆ ಸಾಧನ ವಿಫಲವಾಗಿ ಬಸಿರಾದೆನೆಂದು ಹೇಳುವ ಅವಕಾಶ ಆ ಕಾಯ್ದೆಯಲ್ಲಿ ವಿವಾಹಿತೆಗೆ ಮಾತ್ರ ಇತ್ತು. ಅದನ್ನು ‘ಮಹಿಳೆ ಅಥವಾ ಅವಳ ಸಂಗಾತಿ’ ಎಂದು ತಿದ್ದಲು 2021ರವರೆಗೆ ಕಾಯಬೇಕಾಯಿತು. ಅವಿವಾಹಿತೆಗೂ ವಿವಾಹಿತೆಗೂ ಇದರಲ್ಲಿ ಭೇದ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರಿನಲ್ಲಿ ಹೇಳಿತು.

ಆಮೇಲೆ ತುರ್ತು ಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಬಹುಪಾಲು ಗಂಡಸರವು. ಹಲವು ರಾಜ್ಯಗಳಲ್ಲಿ ಶಾಲಾ ಶಿಕ್ಷಕರಿಗೂ ಇಷ್ಟು ‘ಕೇಸು’ ತರಬೇಕೆಂಬ ಗುರಿ ಹಚ್ಚಲಾಗಿತ್ತು. ಪಾಠ ಹೇಳುವವನು ಮನೆ ಬಾಗಿಲಿಗೆ ಬಂದರೆ ಜನ ಹಿತ್ತಿಲಿನಿಂದ ಓಡಿಹೋಗುವ ಕಾಲ ಬಂದದ್ದು ನಮ್ಮ ವೃತ್ತಿಗೆ ಆದ ಅವಮಾನ. 1977ರಲ್ಲಿ ಸರ್ಕಾರ ಬಿದ್ದ ಮೇಲೆ ಇಲಾಖೆಯ ಹೆಸರು ಕುಟುಂಬ ಕಲ್ಯಾಣವೆಂದು ಬದಲಾಯಿತು. ಬದಲಾದದ್ದು ಇನ್ನೊಂದಿದೆ, ಅದನ್ನು ಯಾರೂ ಘೋಷಿಸಲಿಲ್ಲ. ಗಂಡಸರ ಶಸ್ತ್ರಚಿಕಿತ್ಸೆಯ ಮಾತೆತ್ತಲು ಯಾವ ಸರ್ಕಾರಕ್ಕೂ ಧೈರ್ಯ ಉಳಿಯಲಿಲ್ಲ. ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಬಲವಂತಕ್ಕೆ ಈಡಾದವರು ಹೆಚ್ಚಾಗಿ ಗಂಡಸರು, ಅದರ ಬಡ್ಡಿ ತೆತ್ತವರು ಹೆಂಗಸರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಪಾಲು ಸೊನ್ನೆಗೆ ಹತ್ತಿರ.

ಈ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಆಪರೇಷನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎಷ್ಟೋ ತಾಯಂದಿರು ಅದನ್ನು ಬಿಡುಗಡೆಯೆಂದೇ ಬಗೆದರು. ಆದರೆ ಮದುವೆಯಾಗಿ, ಬೇಗ ಎರಡು ಹೆತ್ತು, ಇಪ್ಪತ್ತೈದರೊಳಗೆ ಆಪರೇಷನ್ ಎಂಬುದೊಂದೇ ದಾರಿಯಾದರೆ ಅದನ್ನು ಆಯ್ಕೆ ಎನ್ನಲಾದೀತೆ? ಮೊದಲ ಮಗುವನ್ನು ಎರಡು ವರ್ಷ ಮುಂದೂಡಬೇಕೆನ್ನುವ ಹುಡುಗಿಗೆ, ಎರಡು ಮಕ್ಕಳ ನಡುವೆ ಅಂತರ ಬೇಕೆನ್ನುವ ತಾಯಿಗೆ ಆಪರೇಷನ್ನಿನಿಂದ ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಸಣ್ಣದು, ಅಗ್ಗದ್ದು, ಬಿಟ್ಟರೆ ಬಿಡಬಹುದಾದದ್ದು, ಯಾರನ್ನೂ ಕೇಳದೆ ತಾನೇ ತೆಗೆದುಕೊಳ್ಳಬಹುದಾದದ್ದು. ಈ ವಿಷಯವನ್ನು ಕನ್ನಡದ ಹೆಂಗಸರಿಗೆ ಸಂಕೋಚವಿಲ್ಲದೆ ತಿಳಿಯಹೇಳಿದವರಲ್ಲಿ ಡಾ. ಅನುಪಮಾ ನಿರಂಜನರನ್ನು ನೆನೆಯಬೇಕು. ವೈದ್ಯೆಯೂ ಲೇಖಕಿಯೂ ಆಗಿದ್ದ ಅವರ ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’ ಪುಸ್ತಕಗಳು ಎಷ್ಟೋ ಮನೆಗಳ ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಇದ್ದವು. ಓದಬಲ್ಲವರಿಗೆ ಅದೊಂದು ಬಾಗಿಲು ತೆರೆಯಿತು.

ಸರ್ಕಾರದ ದಾರಿ ನಿಧಾನವಾಗಿ ತಿರುಗಿತು. 1994ರ ಕೈರೋ ಸಮ್ಮೇಳನದ ನಂತರ, 1996ರಲ್ಲಿ, ದೇಶಾದ್ಯಂತ ಗುರಿ ನಿಗದಿ ಮಾಡುವ ಪದ್ಧತಿಯನ್ನು ಕೈಬಿಡಲಾಯಿತು, ಕಾಗದದ ಮೇಲಾದರೂ. ಶಿಬಿರಗಳು ಮಾತ್ರ ಮುಂದುವರಿದವು. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆಯಾದ ಹೆಂಗಸರು ಸತ್ತ ಮೇಲೆ, 2016ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂರು ವರ್ಷಗಳೊಳಗೆ ಇಂತಹ ಶಿಬಿರಗಳನ್ನು ನಿಲ್ಲಿಸಬೇಕೆಂದಿತು.

ಈ ನಡುವೆ ಬಂದ ಇನ್ನೊಂದು ಸಾಧನ ತುರ್ತು ಗರ್ಭನಿರೋಧಕ ಮಾತ್ರೆ. ಈ ಶತಮಾನದ ಆರಂಭದಲ್ಲಿ ಅದು ಭಾರತದಲ್ಲಿ ಒಪ್ಪಿಗೆ ಪಡೆಯಿತು, 2005ರಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದೆಂದಾಯಿತು, 2007ರಿಂದ ಟಿ.ವಿ. ಜಾಹೀರಾತುಗಳ ಮೂಲಕ ಐ-ಪಿಲ್ ಎಂಬ ಹೆಸರು ಮನೆಮಾತಾಯಿತು. ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳವಿರುವುದರಿಂದ ಮೇಷ್ಟರ ಅಭ್ಯಾಸದಂತೆ ಬಿಡಿಸಿ ಹೇಳುತ್ತೇನೆ. ಇದು ಗರ್ಭಪಾತದ ಮಾತ್ರೆಯಲ್ಲ. ಅಂಡ ಬಿಡುಗಡೆಯಾಗುವುದನ್ನು ತಡಮಾಡಿ ಬಸಿರು ಕಟ್ಟದಂತೆ ನೋಡಿಕೊಳ್ಳುತ್ತದೆ. ಆಗಲೇ ಕಟ್ಟಿದ ಬಸಿರಿಗೆ ಏನೂ ಮಾಡುವುದಿಲ್ಲ. ಕೂಡಿದ 72 ಗಂಟೆಗಳೊಳಗೆ ನುಂಗಬೇಕು. ಎಷ್ಟು ಬೇಗ ನುಂಗಿದರೆ ಅಷ್ಟು ಫಲ. ನಿತ್ಯದ ಸಾಧನವಾಗಿ ಬಳಸತಕ್ಕದ್ದಲ್ಲ. ಐದು ದಿನಗಳೊಳಗೆ ವೈದ್ಯರಲ್ಲಿ ಕಾಪರ್-ಟಿ ಹಾಕಿಸಿಕೊಂಡರೂ ಬಸಿರು ತಪ್ಪುತ್ತದೆ, ಅದು ಮಾತ್ರೆಗಿಂತ ಖಚಿತ.

72 ಗಂಟೆಯೆಂದರೆ ಮೂರು ದಿನ. ನಗರದಲ್ಲಿ ಅದು ಧಾರಾಳ. ಶ್ರೀನಿವಾಸಪುರದ ಮಾವಿನ ತೋಪಿನಾಚೆಯ ಹಳ್ಳಿಯಲ್ಲಿ, ಮಾಲೂರಿನ ಇಟ್ಟಿಗೆ ಗೂಡಿನ ಗುಡಿಸಲಿನಲ್ಲಿ, ಮುಳಬಾಗಿಲಿನ ಗಡಿಯ ತೆಲುಗು ಮಾತಿನ ಕೊಪ್ಪಲಿನಲ್ಲಿ ಅದು ಬಹಳ ಸಣ್ಣ ಅವಧಿ. ಔಷಧ ಅಂಗಡಿಯಲ್ಲಿ ಮಾತ್ರೆಗೆ ನೂರು ರೂಪಾಯಿಯ ಆಸುಪಾಸು. ಬೆಲೆಗಿಂತ ದೊಡ್ಡ ತಡೆ ಇನ್ನೊಂದು: ಆ ಅಂಗಡಿಯವನು ಮಾವನಿಗೆ ಪರಿಚಿತ, ಪಕ್ಕದಲ್ಲಿ ನಿಂತವನು ಊರಿನವನು.

ಆದ್ದರಿಂದಲೇ 2011ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಒಂದು ಸಣ್ಣ ಯೋಜನೆಯನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಆಶಾ ಕಾರ್ಯಕರ್ತೆಯರು ಸಾಧನಗಳನ್ನು ಮನೆಗೇ ತಲುಪಿಸಬೇಕೆಂಬುದು ಅದರ ಸಾರ. ಮೂರು ನಿರೋಧ್‌ಗೆ 1 ರೂಪಾಯಿ, ಒಂದು ತಿಂಗಳ ನಿತ್ಯದ ಮಾತ್ರೆಗೆ 1 ರೂಪಾಯಿ, ತುರ್ತು ಮಾತ್ರೆಗೆ 2 ರೂಪಾಯಿ. ಆಶಾ ಅದೇ ಹಳ್ಳಿಯ ಸೊಸೆ. ಅವಳು ಬಂದು ಕುಳಿತು ಮಾತಾಡಿ ಹೋದರೆ ಯಾರಿಗೂ ಸಂಶಯವಿಲ್ಲ. 2017ರಿಂದ ಸರ್ಕಾರಿ ಆಸ್ಪತ್ರೆಗಳಿಗೆ ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ‘ಅಂತರಾ’ ಚುಚ್ಚುಮದ್ದು ಮತ್ತು ‘ಛಾಯಾ’ ಮಾತ್ರೆ ಉಚಿತವಾಗಿ ಬಂದವು. ಛಾಯಾ ಲಖನೌದ ಪ್ರಯೋಗಾಲಯದಲ್ಲಿ ನಮ್ಮವರೇ ಕಂಡುಹಿಡಿದ, ಮೊದಲು ‘ಸಹೇಲಿ’ ಎಂದು ಹೆಸರಾಗಿದ್ದ ಹಾರ್ಮೋನಿಲ್ಲದ ಗುಳಿಗೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಐದು ವರ್ಷದ, ಹತ್ತು ವರ್ಷದ ಕಾಪರ್-ಟಿಗಳೂ ಉಚಿತ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ, ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳುವುದು ಹೆಣ್ಣುಮಕ್ಕಳ ಹಕ್ಕು. ಆಪರೇಷನ್ನಿಗೂ ಗಂಡನ ಸಹಿ ಕಡ್ಡಾಯವಲ್ಲವೆಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಇದು ನಮ್ಮ ಹೆಂಗಸರಲ್ಲಿ ಬಹುಮಂದಿಗೆ ತಿಳಿಯದು.

1930ರಿಂದ 2011ಕ್ಕೆ ಎಂಬತ್ತೊಂದು ವರ್ಷ. ನಾಲ್ಕು ಆಸ್ಪತ್ರೆಗಳಿಂದ ಹೊರಟದ್ದು ಹಳ್ಳಿಯ ಹೊಸ್ತಿಲಿಗೆ ಬರಲು ಮೂರು ತಲೆಮಾರು ಹಿಡಿಯಿತು. ತಡವಾದುದಕ್ಕೆ ವಿಜ್ಞಾನದ ಕೊರತೆಯಾಗಲಿ ಹಣದ ಕೊರತೆಯಾಗಲಿ ಪೂರ್ತಿ ಕಾರಣವಲ್ಲ. ದೇಶಕ್ಕೆ ಎಷ್ಟು ಮಕ್ಕಳು ಬೇಕೆಂದು ದೊಡ್ಡವರು ಲೆಕ್ಕ ಹಾಕುತ್ತಿದ್ದರು. ಹೆರುವವಳಿಗೆ ಎಂದು ಬೇಕು, ಎಂದು ಬೇಡವೆಂದು ಕೇಳುವವರು ಕಡಿಮೆಯಿದ್ದರು. ಕರ್ನಾಟಕದಲ್ಲಿ ಇಂದು ಒಬ್ಬ ತಾಯಿಗೆ ಸರಾಸರಿ ಎರಡಕ್ಕಿಂತ ಕಡಿಮೆ ಮಕ್ಕಳು. ಸರ್ಕಾರದ ಲೆಕ್ಕ ಮುಗಿಯಿತೆಂದು ಕೆಲವರು ಹೇಳುತ್ತಾರೆ. ಅವಳ ಲೆಕ್ಕ ಮುಗಿದಿಲ್ಲ. ಆಶಾಳ ಚೀಲದಲ್ಲಿ ಮಾತ್ರೆ ಖಾಲಿಯಾದ ವಾರವೂ 72 ಗಂಟೆ 72 ಗಂಟೆಯೇ.

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯಿದ್ದರೆ, ಬಿಡುವಾದಾಗ ಹತ್ತಿರ ಕುಳಿತು ಮೆಲ್ಲನೆ ಕೇಳಿ: ಆ ಕಾಲದಲ್ಲಿ ನೀವು ಏನು ಮಾಡುತ್ತಿದ್ದಿರಿ ಎಂದು. ಮೊದಲು ನಾಚಿಕೊಂಡಾರು, ಆಮೇಲೆ ಹೇಳುತ್ತಾರೆ. ಹೇಳಿದ್ದನ್ನು ಬರೆದಿಡಿ. ಮೈಸೂರು ಸರ್ಕಾರದ ಆಜ್ಞೆ ಕಡತದಲ್ಲಿ ಭದ್ರವಾಗಿದೆ. ಅವರು ಬಲ್ಲದ್ದು ಅವರೊಡನೆಯೇ ಹೋಗುತ್ತಿದೆ.